ಕೊರಳಿಗೆ ಕಟ್ಟಿದ ಕಾರ್ಡು

“ಏಯ್ ಮುಂಡೇದೇ, ಆ ಕೈ ಅಲ್ಲಿಡ್ಬೇಡ್ವೇ! ಅದ್ರ ರೇಟ್ ಗೊತ್ತೇನೇ ನಿಂಗೆ? ನಿನ್ ವಂಶಾನೇ ಮಾರಿದ್ರೂ ಹುಟ್ಟಲ್ಲ!”

ಮೋಹನ್ ಕುಮಾರ್ ಬಸ್ಸಿನ ಕೆಳಗೆ ನಿಂತು ಕೂಗಿದ. ಅವನು ನಮ್ಮ ಕಂಟ್ರಾಕ್ಟರು. ಮೇಲೆ, ಮುಂಬಾಗಿಲ ಪಕ್ಕದ ಕಂಬಕ್ಕೆ ಆಗತಾನೇ ಜೋಡಿಸಿದ್ದ ಕಾರ್ಡಿನ ಮಿಷಿನ್ನಿನ ಎದುರು ನಮ್ಮವ್ವ ದುರ್ಗವ್ವ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು.

“ನಾ ಮುಟ್ಟಿಲ್ರಿ ಯಪ್ಪಾ. ಅರಿವಿ ಮುಟ್ಟೈತಿ.”

“ಬಟ್ಟೆ ಯಾರ್ ಕೈಲಿದೆ?”

“ನೀವಾ ಕೊಟ್ಟ ಅರಿವಿ ರೀ.”

ಚಕ್ರಕ್ಕೆ ಪೈಪಿನಲ್ಲಿ ನೀರು ಹೊಡೆಯುತ್ತಿದ್ದ ಅಂಜಮ್ಮ ಮುಖ ಆ ಕಡೆ ತಿರುಗಿಸಿ ನಕ್ಕಳು. ನಾನು ಸೀಟಿನಡಿ ತೂರಿ, ಯಾರೋ ಪುಣ್ಯಾತ್ಮ ಅಗಿದು ಅಂಟಿಸಿದ್ದ ಚೂಯಿಂಗ್ ಗಮ್ ಕೆರೆಯುತ್ತಿದ್ದೆ. ಅಲ್ಲಿಂದ ಮೋಹನ್ ಕುಮಾರನ ಬಿಳಿ ಬೂಟು ಮಾತ್ರ ಕಾಣುತ್ತಿತ್ತು. ಬಸ್ ತೊಳೆಯುವ ಡಿಪೋಗೆ ಬಿಳಿ ಬೂಟು ಹಾಕಿಕೊಂಡು ಬರುವ ಗಂಡಸು ಕರ್ನಾಟಕದಲ್ಲೇ ಅವನೊಬ್ಬ.

ನಾವು ಬಸ್ ತೊಳೆಯುವವರು. ನೀವು ಬೆಳಿಗ್ಗೆ ಹತ್ತಿ ಕೂರುವ ಸೀಟಿನಡಿ ಹಿಂದಿನ ದಿನ ಯಾರು ಕಕ್ಕಿದ್ದರು, ಯಾವ ಮಗು ಉಚ್ಚೆ ಹೊಯ್ದಿತ್ತು, ಯಾವ ದೊಡ್ಡ ಮನುಷ್ಯ ಕಿಟಕಿ ತೆರೆದಿದೆ ಅಂತ ತಿಳಿದು ಮುಚ್ಚಿದ ಗಾಜಿಗೆ ಎಲೆ ಅಡಿಕೆ ಉಗಿದಿದ್ದ, ಎಲ್ಲ ನಮಗೆ ಗೊತ್ತು. ಹೆಂಗಸರೇ ಜಾಸ್ತಿ, ಗಂಡಸರೆಂದು ನಾನು, ಇನ್ನಿಬ್ಬರು. ಅವ್ವ ನನ್ನನ್ನು ಏಳನೇ ಕ್ಲಾಸಿನಿಂದ ಬಿಡಿಸಿ, ಕೊಪ್ಪಳದ ಕಡೆಯಿಂದ ಕರೆದುಕೊಂಡು ಬಂದು ಈ ಕೆಲಸಕ್ಕೆ ಹಚ್ಚಿದ್ದಳು. ಇರುವುದು ಬ್ಯಾಡರಹಳ್ಳಿಯ ಆಚೆ ತಗಡಿನ ಶೆಡ್ಡುಗಳಲ್ಲಿ. ಆ ನೆಲ ಮೋಹನ್ ಕುಮಾರನದು. ಅವನ ತಾತ ಅಲ್ಲಿ ರಾಗಿ ಬೆಳೆಯುತ್ತಿದ್ದನಂತೆ. ಇವನು ನಮ್ಮನ್ನು ಬೆಳೆಯುತ್ತಿದ್ದ.

ಅವನ ಕಾನೂನು ಒಂದೇ. ಕೆಲಸ ಹೋದ ದಿನ ಶೆಡ್ಡೂ ಹೋಯಿತು. ಬಾಣಂತಿ ಮಗಳನ್ನು ನೋಡಿಕೊಳ್ಳಲು ರಜೆ ಕೇಳಿದ ಲಿಂಗಮ್ಮನ ಪಾತ್ರೆಗಳು ಅದೇ ಸಂಜೆ ಮಾಗಡಿ ರೋಡಿನ ಅಂಚಿನಲ್ಲಿದ್ದವು. ಅವಳ ಅನ್ನದ ತಪ್ಪಲೆಯಲ್ಲಿ ಯಾರದೋ ಕೋಳಿ ಕೂತಿತ್ತು. ಆಮೇಲೆ ನಮ್ಮಲ್ಲಿ ಯಾರೂ ರಜೆ ಎಂಬ ಮಾತು ಆಡಲಿಲ್ಲ.

ಮಿಷಿನ್ ಬರುವವರೆಗೆ ನಮಗೆ ಹಿತ್ತಾಳೆ ಬಿಲ್ಲೆ ಇತ್ತು. ತಲೆಗೊಂದು ಬಿಲ್ಲೆ, ಅದರ ಮೇಲೊಂದು ನಂಬರು, ನೆತ್ತಿಯಲ್ಲೊಂದು ತೂತು. ಕರಿ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರೆ ತೊಳೆಯುವಾಗಲೂ ಕಳೆಯುವುದಿಲ್ಲ, ಒದ್ದೆಯಾದರೂ ಕೆಡುವುದಿಲ್ಲ. ಬಸ್ಸಿನಲ್ಲಿ ಅದನ್ನು ಎತ್ತಿ ತೋರಿಸಿದರೆ ಕಂಡಕ್ಟರು “ಹಿಂದೆ, ಹಿಂದೆ” ಅನ್ನುತ್ತಿದ್ದ. ಹಿಂಬಾಗಿಲ ಮೆಟ್ಟಿಲ ಹತ್ತಿರ ನಿಂತುಕೊಂಡು ಶೆಡ್ಡಿನಿಂದ ಡಿಪೋಗೆ, ಡಿಪೋದಿಂದ ಶೆಡ್ಡಿಗೆ. ಖಾಲಿ ಸೀಟಿದ್ದರೂ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಪಕ್ಕದಲ್ಲಿದ್ದವರು ಎದ್ದು ಹೋಗುತ್ತಿದ್ದರು, ಅಷ್ಟೆ.

ಮೋಹನ್ ಕುಮಾರ್ ಒಂದು ದಿನ ಪ್ಲಾಸ್ಟಿಕ್ ಬಕೆಟ್ ಹಿಡಿದು ನಿಂತ. “ಹಾಕಿ ಎಲ್ಲಾರೂ. ಇನ್ಮೇಲೆ ಈ ತಗಡೆಲ್ಲ ನಡಿಯಲ್ಲ. ಸ್ಮಾರ್ಟ್ ಕಾರ್ಡು.”

ಟಣಟಣ ಎಂದು ಬಿಲ್ಲೆಗಳೆಲ್ಲ ಬಕೆಟ್ಟಿಗೆ ಬಿದ್ದವು. ದಾರ ನಮ್ಮ ಹತ್ತಿರವೇ ಉಳಿಯಿತು.

*

ಕಾರ್ಡು ಹಂಚಲು ಮಿಷಿನ್ ಕಂಪನಿಯಿಂದ ಕವನಾ ಎಂಬ ಹುಡುಗಿ ಬಂದಳು. ಬೈಯುವ ಜಾತಿಯವಳಲ್ಲ. ನಮ್ಮ ಹೆಂಗಸರನ್ನೆಲ್ಲ ಆಂಟಿ ಅಂದಳು. ನೀರು ನಿಂತ ಜಾಗ ಬಿಟ್ಟು, ಒಂದು ಒಣಗಿದ ಕಲ್ಲು ಹುಡುಕಿ, ಅದರ ಮೇಲೆ ಹತ್ತಿ ನಿಂತು ಪಾಠ ಹೇಳಿದಳು.

“ನೋಡಿ ಆಂಟಿ, ಇಲ್ಲಿ ಕೆಂಪು ಲೈಟ್ ಇದೆಯಲ್ಲ, ಕಾರ್ಡ್ ತೋರಿಸಿದ್ರೆ ಹಸಿರಾಗತ್ತೆ. ಟಿಂಗ್ ಅನ್ನತ್ತೆ. ಹಸಿರು ಬಂದ್ರೆ ಹತ್ತಿ, ಬರ್ಲಿಲ್ಲ ಅಂದ್ರೆ ಹತ್ತೋ ಹಾಗಿಲ್ಲ. ಮಿಷಿನ್ನ ಟಚ್ ಮಾಡೋದೇ ಬೇಡ. ಸ್ವಲ್ಪ ದೂರದಿಂದ ತೋರಿಸಿದ್ರೂ ಸಾಕು. ಅದೇ ಇದ್ರ ಸ್ಪೆಷಾಲಿಟಿ.”

ಅಂಜಮ್ಮ ಕಣ್ಣು ಕಿರಿದು ಮಾಡಿದಳು. “ಅಂದ್ರೆ ನಾವ್ ಮುಟ್ಟಂಗಿಲ್ಲ, ಅದೂ ನಮ್ಮನ್ ಮುಟ್ಟಲ್ಲ?”

“ಕರೆಕ್ಟ್ ಆಂಟಿ!”

“ಇದೇನ್ ಹೊಸ್ದಾ ತಾಯಿ? ನಮ್ ರೂಟಿನ್ ಕಂಡಕ್ಟ್ರು ರೇವಣಸಿದ್ದಪ್ಪ ಮೊದ್ಲಿಂದ್ಲೂ ಹಂಗೇ. ಬಿಲ್ಲೆ ನಡಿಯದ ಭಾನ್ವಾರ ದುಡ್ ಕೊಟ್ಟು ಟಿಕೆಟ್ ಕೇಳಿದ್ರೂ ಮೇಲಿಂದ ಉದುರಿಸ್ತಾನೆ, ಕೋಳಿಗ್ ಕಾಳ್ ಹಾಕ್ದಂಗೆ. ಅವ್ನಿಗೂ ಒಂದ್ ಲೈಟ್ ಇಡ್ಸು.”

ಹೆಂಗಸರು ಗೊಳ್ ಎಂದರು. ಕವನಾಗೆ ಅರ್ಥವಾಗಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ನಕ್ಕು, “ಸೂಪರ್ ಆಂಟಿ” ಅಂದಳು. ಆಮೇಲೆ ಕಾರ್ಡನ್ನು ಮಡಚಬೇಡಿ, ಒಲೆಯ ಹತ್ತಿರ ಇಡಬೇಡಿ, ಪರ್ಸಿನಲ್ಲಿ ಇಟ್ಟುಕೊಳ್ಳಿ ಎಂದಳು. ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟೂ ಜನರಲ್ಲಿ ಒಬ್ಬಳ ಹತ್ತಿರವೂ ಪರ್ಸ್ ಇರಲಿಲ್ಲ. ತೂತು ಹಾಕಬೇಡಿ ಅಂತ ಅವಳು ಹೇಳಲಿಲ್ಲ. ಅವಳು ಹುಟ್ಟಿ ಬೆಳೆದ ಕಡೆ ಕಾರ್ಡಿಗೆ ಯಾರೂ ತೂತು ಹಾಕುವುದಿಲ್ಲ.

ನಾನು ನನ್ನದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಹೆಂಗಸರು ಎಲ್ಲಿ ಇಡಬೇಕು? ರವಿಕೆಯಲ್ಲಿಟ್ಟರೆ ಪೈಪು ಹಿಡಿದು ಬಗ್ಗಿದಾಗ ಜಾರುತ್ತದೆ. ಸೆರಗಿಗೆ ಗಂಟು ಹಾಕಿದರೆ ನುಣುಪಿಗೆ ನಿಲ್ಲುವುದಿಲ್ಲ. ಅಂಜಮ್ಮನದು ಮೊದಲ ದಿನವೇ ಗ್ರೀಸು ಬೆರೆತ ನೀರಿನಲ್ಲಿ ತೇಲಿಕೊಂಡು ಚರಂಡಿಯ ಬಾಯಿಗೆ ಹೋಗಿ ಸಿಕ್ಕಿಕೊಂಡಿತ್ತು. ಕಳೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಾಗಡಿ ರೋಡಿನ ಅಂಚು, ತಪ್ಪಲೆಯಲ್ಲಿ ಕೋಳಿ.

ಅವತ್ತು ಸಂಜೆ ಅವ್ವ ಸ್ಟೋವಿನ ಉರಿಗೆ ಒಂದು ಮೊಳೆ ಹಿಡಿದಳು. ಕೆಂಪಗೆ ಕಾದ ಮೇಲೆ ಕಾರ್ಡಿನ ಮೂಲೆಗೆ ಒತ್ತಿದಳು. ಚುಂಯ್ ಎಂದು ಹೊಗೆ ಎದ್ದು ಶೆಡ್ಡೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ. ಬಿಲ್ಲೆಯ ಹಳೇ ದಾರವನ್ನೇ ಪೋಣಿಸಿ ಕೊರಳಿಗೆ ಹಾಕಿಕೊಂಡು ಎದೆ ತಟ್ಟಿ ನೋಡಿಕೊಂಡಳು.

“ಇನ್ನ ಹೊಳಿ ಬಂದ್ರೂ ಹೋಗಂಗಿಲ್ಲ.”

ಅಂಜಮ್ಮ ಓಡಿ ಬಂದಳು. ಅವಳ ಹಿಂದೆ ಎಲ್ಲ ಶೆಡ್ಡಿನವರೂ ಬಂದರು. ಅವ್ವ ಒಬ್ಬೊಬ್ಬರಿಗೂ ಮೊಳೆ ಕಾಯಿಸಿ, ಚಂದಗೆ, ಮೂಲೆ ಒಡೆಯದ ಹಾಗೆ ತೂತು ಹಾಕಿಕೊಟ್ಟಳು. ಅಂಜಮ್ಮ ತನ್ನ ತಾಯತದ ಪಕ್ಕಕ್ಕೇ ಕಟ್ಟಿಕೊಂಡಳು. ಆಗಿನ್ನೂ ಮಿಷಿನ್ನು ಚಾಲೂ ಆಗಿರಲಿಲ್ಲ. ಅದು ಉದ್ಘಾಟನೆಯ ದಿನವೇ ಕಣ್ಣು ಬಿಡಬೇಕೆಂದು ಮುಹೂರ್ತ ಆಗಿತ್ತು. ಅಲ್ಲಿಯವರೆಗೆ ಕಾರ್ಡನ್ನು ಬಿಲ್ಲೆಯ ಹಾಗೇ ಕಂಡಕ್ಟರಿಗೆ ಎತ್ತಿ ತೋರಿಸಿದರೆ ಸಾಕಿತ್ತು.

*

ಉದ್ಘಾಟನೆ ಕೆಂಗೇರಿ ಉಪನಗರದ ಬಸ್ ಸ್ಟ್ಯಾಂಡಿನಲ್ಲಿ. ಶಾಮಿಯಾನ, ಬಾಳೆಕಂದು, ಕೇಸರಿಬಾತು. ಮಧ್ಯದಲ್ಲಿ ಹಾರ ಹಾಕಿಸಿಕೊಂಡು ನಿಂತ ಹೊಸ ಏಸಿ ಬಸ್ಸು. ಅದರ ಕಿಟಕಿ ತೆಗೆಯಲು ಬರುವುದಿಲ್ಲ. ಗಾಜನ್ನು ಗೋಡೆಯ ಹಾಗೆ ಕೂರಿಸಿಬಿಟ್ಟಿರುತ್ತಾರೆ. ಪುರೋಹಿತ ಹತ್ತಿ ಮಿಷಿನ್ನಿನ ಮೈಗೆಲ್ಲ ಅರಿಶಿನ ಕುಂಕುಮ ಬಳಿದ, ಹೂ ಸಿಕ್ಕಿಸಿದ, ಒಡೆದ ಕಾಯಿಯ ನೀರು ಚಿಮುಕಿಸಿದ. ಅವನಿಗೆ ಮೋಹನ್ ಕುಮಾರ್ ರೇಟು ಹೇಳಲಿಲ್ಲ. ಕೈ ಮುಗಿದುಕೊಂಡು ನಿಂತಿದ್ದ.

ನಮಗೆಲ್ಲ ಆವತ್ತು ಹಸಿರು ಕೋಟು. ಮಡಿಕೆ ಇನ್ನೂ ಬಿಚ್ಚಿರಲಿಲ್ಲ. “ಫೋಟೋ ಆದ್ಮೇಲೆ ವಾಪಸ್ ಕೊಡ್ಬೇಕು. ಬೆವರು ಹತ್ಸಿದ್ರೆ ನೋಡಿ” ಅಂತ ಮೋಹನ್ ಕುಮಾರ್ ಎಚ್ಚರಿಕೆ ಕೊಟ್ಟಿದ್ದ. ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿಸಿ, ಬೆವರಬೇಡಿ ಅನ್ನುವ ಧಣಿ.

ಹೆಡ್ ಆಫೀಸಿನಿಂದ ಬಂದಿದ್ದ ಸಾಹೇಬ ಮೈಕು ಹಿಡಿದ. “ಸಮಾಜದ ಕಟ್ಟಕಡೆಯ ಮನುಷ್ಯನಿಗೂ ತಂತ್ರಜ್ಞಾನ ತಲುಪಬೇಕು. ಅದಕ್ಕೇ ಇವತ್ತು, ಗಣ್ಯರು ಹತ್ತುವ ಮೊದಲು, ಬಸ್ಸು ತೊಳೆಯುವ ನಮ್ಮ ತಾಯಂದಿರು ಹತ್ತುತ್ತಾರೆ. ಇನ್ನು ಮುಂದೆ ಕಾರ್ಡು ತೋರಿಸದೆ ಹತ್ತುವವರು ಯಾರೇ ಆಗಲಿ, ಸಂಸ್ಥೆಯ ಪಾಲಿಗೆ ಕಳ್ಳರು!”

ಚಪ್ಪಾಳೆ. ಕಟ್ಟಕಡೆಯ ಮನುಷ್ಯರಾದ ನಾವು ಬಿಸಿಲಲ್ಲಿ ಸಾಲಾಗಿ ನಿಂತಿದ್ದೆವು. ಮೊದಲ ಸಾಲಿನ ಕುರ್ಚಿಯವರ ಮುಂದೆ ಫ್ಯಾನು ತಿರುಗುತ್ತಿತ್ತು.

“ಮೊದ್ಲು ಆ ಹುಡುಗನ್ನ ಬಿಡಿ. ಕೆಲ್ಸ ಮಾಡತ್ತಾ ನೋಡೋಣ” ಎಂದು ಸಾಹೇಬ ಮೈಕಿಗೆ ಕೈ ಅಡ್ಡ ಹಿಡಿದು ಹೇಳಿದ. ನಾನು ಜೇಬಿನಿಂದ ಕಾರ್ಡು ತೆಗೆದು ತೋರಿಸಿದೆ. ಟಿಂಗ್. ಹಸಿರು. “ಸರಿ, ಪಕ್ಕಕ್ಕೆ ಬಾ. ಫೋಟೋಗೆ ಹೆಂಗಸು ಬೇಕು.”

ಅವ್ವನನ್ನು ಕರೆದರು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕೋಟಿನೊಳಗಿಂದ ದಾರ ಎಳೆದು ಕಾರ್ಡು ಹೊರಗೆ ತೆಗೆದು, ಮಿಷಿನ್ನಿಗೆ ತೋರಿಸಿದಳು. ಕ್ಯಾಮೆರಾದವರು ಬಗ್ಗಿದರು. ಕೆಂಪು ದೀಪ ಕದಲಲಿಲ್ಲ. ಅವ್ವ ಇನ್ನಷ್ಟು ಹತ್ತಿರ ಹಿಡಿದಳು. ಮಿಷಿನ್ನು ಕುಂಕುಮ ಬಳಿದುಕೊಂಡು ಸುಮ್ಮನೆ ನೋಡುತ್ತಿತ್ತು.

ಕವನಾ ಓಡಿ ಬಂದಳು. “ಆಂಟಿ, ಏನಿದು? ತೂತ್ ಹಾಕಿದೀರಾ? ಒಳಗಡೆ ಸುತ್ತಲೂ ತಂತಿ ಇರತ್ತೆ ಆಂಟಿ, ಅದು ಕಟ್ಟಾಗಿದೆ. ಇದು ಸತ್ತೋಯ್ತು!”

“ತೂತ ಹಾಕದ ಕೊಳ್ಳಾಗ ಹೆಂಗ ಕಟ್ಕೋಬೇಕ್ರಿ?”

ಮೊದಲ ಸಾಲಿನಲ್ಲಿ ಒಬ್ಬ ನಕ್ಕ. ಆಮೇಲೆ ಇಡೀ ಶಾಮಿಯಾನ ನಕ್ಕಿತು. ಕೇಸರಿಬಾತು ಬಾಯಲ್ಲಿಟ್ಟುಕೊಂಡೇ ನಕ್ಕರು. ಹಿಂದಿನ ಕುರ್ಚಿಯಿಂದ ಒಂದು ದನಿ ಬಂತು: “ತಾಳಿ ಅನ್ಕೊಂಡ್ಲೇನೋ ಗುರು!”

ಸಾಹೇಬನ ಮುಖ ಕೆಂಪಾಯಿತು. “ಮುಂದಿನವ್ರು, ಮುಂದಿನವ್ರು.” ಅಂಜಮ್ಮ ಬಂದಳು. ದಾರ ಎಳೆದಾಗ ಕಾರ್ಡಿನ ಜೊತೆ ತಾಯತವೂ ಬಂತು. ಕೆಂಪು. ಅವಳ ಹಿಂದಿನವಳು ಕೊರಳಿಗೆ ಕೈ ಹಾಕುವುದನ್ನು ನೋಡಿಯೇ ಸಾಹೇಬ ಮೈಕ್ ಆಫ್ ಮಾಡಿಸಿದ.

“ಯಾರ್ರೀ ಇವ್ರ ಕಂಟ್ರಾಕ್ಟರು? ಕೋತಿಗಳ ಕೈಗೆ ಕೊಟ್ಟಂಗಾಯ್ತಲ್ರೀ!”

ಮೋಹನ್ ಕುಮಾರ್ ಕುಗ್ಗಿ ಅರ್ಧವಾದ. ಸಾಹೇಬನ ಮುಂದೆ ಕುಗ್ಗಿದಷ್ಟನ್ನೂ ನಮ್ಮ ಮುಂದೆ ಬಂದು ಹಿಗ್ಗಿಸಿಕೊಂಡ. ಬಸ್ಸಿನ ಹಿಂಬದಿಗೆ ನಮ್ಮನ್ನು ತಳ್ಳಿಕೊಂಡು ಹೋದ. ತಳ್ಳಿದ್ದು ಕೈಯಿಂದಲ್ಲ, ಕೊಡೆಯಿಂದ.

“ಬೋಳಿಮಕ್ಳಾ, ಮರ್ಯಾದೆ ತೆಗೆದ್ರಲ್ರೋ! ಯಾರು ಮೊದ್ಲು ತೂತ್ ಹಾಕಿದ್ದು? ಹೆಸರ್ ಹೇಳಿ. ಒಬ್ಬಳು ಹೋಗ್ತಾಳೆ. ಹೇಳ್ಲಿಲ್ಲ ಅಂದ್ರೆ ಅಷ್ಟೂ ಜನ.”

ಯಾರೂ ಬಾಯಿ ಬಿಡುವ ಮೊದಲೇ ಅವ್ವ ಮುಂದೆ ಬಂದಳು. “ನಾನಾ ಹಾಕೇನ್ರಿ. ಎಲ್ಲಾರದೂ ನಾನಾ ಹಾಕೇನಿ.”

“ಬಿಚ್ಚೇ ಕೋಟು.”

ಅಲ್ಲೇ, ಎಳನೀರು ಮಾರುವವನ, ಆಟೋದವರ, ಕಾಲೇಜು ಹುಡುಗರ ಕಣ್ಣೆದುರು ಅವ್ವ ಕೋಟು ಬಿಚ್ಚಿದಳು. ಬೆವರಿಗೆ ತೋಳು ಅಂಟಿಕೊಂಡು ಬೇಗ ಬರಲಿಲ್ಲ. ಅವನು ಕೊಡೆಯ ತುದಿಯಿಂದ ಕೋಟನ್ನು ಎತ್ತಿ ಪಕ್ಕಕ್ಕಿಟ್ಟ.

“ಸಂಜೆಯೊಳಗೆ ಶೆಡ್ ಖಾಲಿ. ನಿನ್ ಮಗನ್ನೂ ಕರ್ಕೊಂಡ್ ಹೋಗು.”

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವ್ವ ನನ್ನ ಅಂಗಿ ಹಿಡಿದು ಎಳೆದಳು. “ಸುಮ್ಕಿರು ಬಾಳ್ಯಾ. ಬಾಂಡೆ ಹೊರಗ ಒಗದ್ರ ನುಗ್ಗಾಗ್ತಾವು. ಲಗೂನ ಹೋಗೂಣು.”

ಅಂಜಮ್ಮ ತಾನೇ ಕೋಟು ಬಿಚ್ಚಿ ಅವನ ಕಾಲ ಹತ್ತಿರ ಹಾಕಿದಳು. “ಮೊಳೆ ಕಾಯ್ಸಿದ್ದು ಅವ್ಳು. ನನ್ ಕಾರ್ಡ್ ಕೊಟ್ಟಿದ್ದು ನಾನು.” ಆಮೇಲೆ ಒಬ್ಬೊಬ್ಬರದೇ ಕೋಟು ಬಿತ್ತು. ಮೋಹನ್ ಕುಮಾರ್ “ಹೋಗ್ರೋ ಹೋಗ್ರೋ, ನಾಳೆ ನೂರು ಜನ ಸಿಗ್ತಾರೆ” ಎಂದು ಉಗಿದು, ಕೂದಲು ಸರಿ ಮಾಡಿಕೊಂಡು, ಗಣ್ಯರ ಜೊತೆ ಏಸಿ ಬಸ್ಸು ಹತ್ತಿದ. ಉಪನಗರದಲ್ಲಿ ಒಂದು ಸುತ್ತು ಹಾಕಿ, ಮತ್ತೆ ಇಲ್ಲಿಗೆ ಬಂದು, ಆಮೇಲೆ ವಿಜಯನಗರಕ್ಕೆ ಹೋಗಬೇಕು. ಅಲ್ಲೂ ಶಾಮಿಯಾನ ಹಾಕಿ ಕಾಯುತ್ತಿದ್ದರು.

ನಾವು ಶೆಡ್ಡಿಗೆ ಹೋಗುವುದು ಹೇಗೆ? ಬಿಲ್ಲೆ ಅವನ ಬಕೆಟ್ಟಿನಲ್ಲಿ, ಕಾರ್ಡು ಸತ್ತಿದೆ, ಟಿಕೆಟ್ಟಿಗೆ ಯಾರೂ ದುಡ್ಡು ತಂದಿಲ್ಲ. ಬೆಳಿಗ್ಗೆ ಶಾಮಿಯಾನದಡಿ ಗುಡಿಸಲು ತಂದಿದ್ದ ಬಕೆಟ್ಟು, ಪೊರಕೆ ಇಟ್ಟುಕೊಂಡು ಸ್ಟ್ಯಾಂಡಿನ ಅಂಚಿನಲ್ಲಿ ನಿಂತಿದ್ದೆವು. ಉಲ್ಲಾಳದ ಮೇಲೆ ನಡೆದುಕೊಂಡೇ ಹೋಗೋಣ ಅನ್ನುವಷ್ಟರಲ್ಲಿ ಹಾರ ಹಾಕಿದ ಬಸ್ಸು ತಿರುಗಿ ಬಂತು.

*

ಬಾಗಿಲು ತೆರೆದದ್ದೇ ಮೊದಲು ವಾಸನೆ ಇಳಿಯಿತು, ಆಮೇಲೆ ಮೋಹನ್ ಕುಮಾರ್ ಇಳಿದ. ಮೂಗಿಗೆ ಕರ್ಚೀಫು. ಬಿಳಿ ಬೂಟಿನ ಒಂದು ಬದಿಗೆ ಕೇಸರಿ ಬಣ್ಣ.

ಯಾರು ಕಕ್ಕಿದ್ದು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ತೂತು ಹಾಕಿದವಳ ಹೆಸರು ಬೇಕಿತ್ತು, ವಾಂತಿಗೆ ಹೆಸರಿರಲಿಲ್ಲ. ನಡುವಿನ ದಾರಿಯ ತುಂಬ ಬೆಳಿಗ್ಗೆಯ ಕೇಸರಿಬಾತು, ಅದರೊಳಗೆ ರಾತ್ರಿಯ ಬ್ರಾಂದಿ. ಕಿಟಕಿ ತೆಗೆಯುವಂತಿಲ್ಲ. ಬಸ್ಸು ಅಲುಗಿದಾಗಲೆಲ್ಲ ಅದು ಮುಂದಿನ ಸೀಟುಗಳ ಕಡೆ ಹರಿಯುತ್ತಿತ್ತು. ರೇಷ್ಮೆ ಸೀರೆಯವರು ಕಾಲೆತ್ತಿ ಸೀಟಿನ ಮೇಲೆ ಕೂತಿದ್ದರು. ಸಾಹೇಬ ಗಾಜಿಗೆ ಮುಖ ಒತ್ತಿಕೊಂಡಿದ್ದ.

“ದುರ್ಗವ್ವಾ! ದುರ್ಗಮ್ಮಾ, ಬಾರಮ್ಮ ಬೇಗ. ಒಂಚೂರು ಬಳಿದುಬಿಡು. ವಿಜಯನಗರದಲ್ಲಿ ಕಾಯ್ತಾವ್ರೆ.”

ಅಮ್ಮ ಎಂಬ ಮಾತು ಅವನ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಅವ್ವ ಅವನನ್ನೇ ನೋಡಿದಳು. “ಶೆಡ್ಡು?”

“ಇರಲಮ್ಮ ಶೆಡ್ಡು! ಕೆಲ್ಸನೂ ಇರ್ಲಿ. ಆವಾಗ ಏನೋ ಕೋಪದಲ್ಲಿ ಅಂದೆ. ಹತ್ತು ಹತ್ತು.”

ಅವ್ವ ಬಗ್ಗಿ ಬಕೆಟ್ ಎತ್ತಿದಳು. ನಾನು “ಯವ್ವಾ” ಅಂದೆ. ಅವಳು ತಿರುಗಲಿಲ್ಲ. ಒಂದು ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಪೊರಕೆ, ನೇರ ಮುಂಬಾಗಿಲಿಗೆ ಹೋದಳು. ಮೆಟ್ಟಿಲ ಮೇಲೆ ಕಾಲಿಟ್ಟಳು. ಬಕೆಟ್ ಕೆಳಗಿಟ್ಟಳು. ಕೊರಳ ದಾರ ಎಳೆದು ಕಾರ್ಡು ತೆಗೆದು ಮಿಷಿನ್ನಿಗೆ ತೋರಿಸಿದಳು.

ತೋರಿಸಿಕೊಂಡು ನಿಂತಳು.

“ಕೆಂಪ ಐತ್ರಿ.”

“ಅದನ್ ಬಿಡೇ, ಹತ್ತು!”

“ಹೆಂಗ ಬಿಡ್ಲಿ? ಹಸರ ಬರಲಿಲ್ಲಂದ್ರ ಹತ್ತಂಗಿಲ್ಲಂತ. ಹತ್ತಿದವರು ಕಳ್ಳರಂತ. ಸಾಹೇಬ್ರು ಮೈಕಿನ್ಯಾಗ ಹೇಳ್ಯಾರ.” ಗಾಜಿನಾಚೆ ಕೂತಿದ್ದ ಸಾಹೇಬನಿಗೆ ಕೇಳಲೆಂದು ದನಿ ಎತ್ತಿದಳು. “ಹೌದಲ್ರಿ ಸಾಹೇಬ್ರ?”

ಸಾಹೇಬ ಕೈ ಆಡಿಸಿದ. ಬಾ ಎಂದೋ ಹೋಗು ಎಂದೋ ಗೊತ್ತಾಗಲಿಲ್ಲ.

ಅವ್ವ ಮೆಟ್ಟಿಲಿಳಿದು ಪಕ್ಕಕ್ಕೆ ನಿಂತಳು. ಅಂಜಮ್ಮ ಹತ್ತಿ ತನ್ನ ಕಾರ್ಡು ತೋರಿಸಿದಳು. “ನಂದೂ ಕೆಂಪು ಸಾರ್. ಮಿಷಿನ್ ಬ್ಯಾಡ ಅಂತಾ ಐತೆ. ಪೂಜೆ ಮಾಡಿರೋ ಮಿಷಿನ್ನು, ಎದುರಾಡೋಕಾಯ್ತದಾ?” ಇಳಿದಳು. ಅವಳ ಹಿಂದಿನವಳು ಹತ್ತಿದಳು, ತೋರಿಸಿದಳು, ಇಳಿದಳು. ಆಮೇಲಿನವಳು. ಯಾರೂ ತಳ್ಳಾಡಲಿಲ್ಲ, ಯಾರೂ ನಗಲಿಲ್ಲ. ಆಟೋದವರು ಮಾತ್ರ ಸೀಟಿನ ಮೇಲೆ ನಿಂತು ಶಿಳ್ಳೆ ಹಾಕಿದರು.

ಮೋಹನ್ ಕುಮಾರನ ಕಣ್ಣು ನನ್ನ ಮೇಲೆ ಬಿತ್ತು.

“ಲೋ ಬಾಳೇಶ! ನಿಂದು ಹಸಿರು ಬರತ್ತಲ್ವೇನೋ? ನೀನ್ ಹತ್ತೋ. ನಿಮ್ಮವ್ವನ್ ತಲೆ ಕೆಟ್ಟಿದೆ. ನೀನು ಗಂಡ್ಸು, ಶೆಡ್ ಉಳಿಸ್ಕೋ.”

ನಾನು ಕಾರ್ಡು ತೆಗೆದೆ. ಅದರ ಮೇಲೆ ನನ್ನ ಫೋಟೋ ಇತ್ತು. ಮೂಲೆಯನ್ನು ದವಡೆಗೆ ಸಿಕ್ಕಿಸಿ, ಕಬ್ಬು ಸೀಳುವ ಹಾಗೆ ಕಚ್ಚಿ ಎಳೆದೆ. ಪ್ಲಾಸ್ಟಿಕ್ಕು ಹರಿದು ಕೂದಲಷ್ಟು ಸಣ್ಣ ತಂತಿ ಹೊರಗೆ ಬಂತು. ತುಟಿ ಕುಯ್ದು ಬಾಯಿ ಉಪ್ಪಾಯಿತು. ಮೆಟ್ಟಿಲ ಮೇಲೆ ನಿಂತು ಮಿಷಿನ್ನಿಗೆ ತೋರಿಸಿದೆ.

“ನಂದೂ ಕೆಂಪೇ ಸಾರ್.”

“ಸೂಳೆಮಗನೆ, ಬೀದೀಲಿ ಸಾಯ್ತೀರ ಕಣ್ರೋ!”

“ನೀವ್ ಬಸ್ಸಲ್ ಕೂತ್ಕೊಂಡ್ ಸಾಯ್ರಿ.”

ಅವ್ವ ಆಗಲೇ ಬಕೆಟ್ಟು ಎತ್ತಿಕೊಂಡು ರಸ್ತೆಗಿಳಿದಿದ್ದಳು. ನಾವೆಲ್ಲ ಅವಳ ಹಿಂದೆ ಇಳಿದೆವು. ಆ ಹೊತ್ತಿಗೆ ಸಾಹೇಬ ಒಳಗಿಂದ ಕೂಗಿದ. ಮೋಹನ್ ಕುಮಾರ್ ಕರ್ಚೀಫು ಒತ್ತಿಕೊಂಡು ಮತ್ತೆ ಹತ್ತಿದ. ಡ್ರೈವರು ಬಾಗಿಲು ಮುಚ್ಚಿ ಬಸ್ಸು ಹೊರಡಿಸಿದ. ವಿಜಯನಗರದ ಹಾರಗಳು ಬಾಡುತ್ತಿರಬೇಕು. ಬಸ್ ಸ್ಟ್ಯಾಂಡಿನಿಂದ ಹೊರಗೆ ಹೋಗುವ ದಾರಿ ಒಂದೇ. ಅದರ ಈ ಅಂಚಿನಿಂದ ಆ ಅಂಚಿನವರೆಗೆ ನಾವಿದ್ದೆವು.

ಹಾರ್ನು ಹೊಡೆದ. ಅಂಜಮ್ಮ ಬದಿಗೆ ಸರಿಯಹೋದವಳು ಅವ್ವ ಸರಿಯದ್ದನ್ನು ನೋಡಿ ತಾನೂ ನಡುವಿಗೆ ಬಂದಳು. ನಾನು ಒಮ್ಮೆ ತಿರುಗಿ ನೋಡಿದೆ. ಮುಂದಿನ ದೊಡ್ಡ ಗಾಜಿನ ಹಿಂದೆ ಮೋಹನ್ ಕುಮಾರ್ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ಸರಿ, ಸರಿ ಎಂದು ಬೀಸುತ್ತಿದ್ದ. ಅವನ ಬಾಯಿ ಅಲ್ಲಾಡುತ್ತಿತ್ತು. ಬೈಗುಳ ಗಾಜು ದಾಟಿ ಬರಲಿಲ್ಲ. ಡ್ರೈವರು ಬ್ರೇಕು ಒತ್ತಿ ಒತ್ತಿ ಬಿಡುತ್ತಿದ್ದ. ಒತ್ತಿದಾಗಲೆಲ್ಲ ಒಳಗಿನವರು ಒಟ್ಟಿಗೆ ಕಾಲು ಮೇಲೆತ್ತುತ್ತಿದ್ದರು.

ಬ್ಯಾಡರಹಳ್ಳಿ ಬಹಳ ದೂರವಿತ್ತು. ನಾವು ಮುಟ್ಟುವ ಮೊದಲೇ ಅವನ ಫೋನು ಮುಟ್ಟುತ್ತದೆ, ಅವನ ಆಳುಗಳು ಶೆಡ್ಡಿನ ಬೀಗ ಒಡೆಯುತ್ತಾರೆ. ಅದು ಅವ್ವನಿಗೂ ಗೊತ್ತಿತ್ತು.

ಅವಳು ರಸ್ತೆಯ ನಟ್ಟನಡುವೆ ನಿಂತಳು. ಬಕೆಟ್ಟು ಕೆಳಗಿಟ್ಟು, ಸೊಂಟದ ಸಂಚಿ ಬಿಚ್ಚಿ, ಎಲೆ ತೆಗೆದು ತೊಡೆಗೆ ಒರೆಸಿ, ತೊಟ್ಟು ಮುರಿದಳು. ಬಸ್ಸು ಅವಳ ಬೆನ್ನಿಗೆ ಒಂದು ಮೊಳ ದೂರದಲ್ಲಿ ನಿಂತು ಅರಚಿಕೊಳ್ಳುತ್ತಿತ್ತು.

“ಅಂಜಮ್ಮ, ಸುಣ್ಣ ಐತೇನ?” ಅಂದಳು.